ಹಳೆಯ ಗಣಕಯಂತ್ರ, ಹೊಸ ತಂತ್ರಾಂಶ: ವರ್ತಕರು ಗಮನಿಸಬೇಕಾದ ಅಂಶಗಳು

ವ್ಯಾಪಾರಸ್ಥರ ಕಿರ್ದಿ-ಖಾತೆಗಳು ರಟ್ಟಿನ ಪುಸ್ತಕಗಳಿಂದ ಗಣಕಯಂತ್ರಕ್ಕೆ ವರ್ಗಾವಣೆಗೊಂಡು ಬಹಳ ವರ್ಷಗಳಾದವು. ಸರಕು ಮತ್ತು ಸೇವಾ ತೆರಿಗೆಯ ವಿವರಪಟ್ಟಿ, ಇ-ವೇ ಬಿಲ್, ಇ-ಇನ್‌ವಾಯ್ಸ್, ಬ್ಯಾಂಕ್ ವ್ಯವಹಾರ ಇವೆಲ್ಲವೂ ಇಂದು ಅಂಗಡಿಯ ಮೂಲೆಯಲ್ಲಿರುವ ಒಂದು ಯಂತ್ರವನ್ನು ಅವಲಂಬಿಸಿವೆ. ಆದರೂ ಆ ಯಂತ್ರ ನಡೆಯುತ್ತಿರುವವರೆಗೆ ಅದರತ್ತ ಗಮನ ಹರಿಸುವವರು ವಿರಳ. ವಿಂಡೋಸ್ 10ರ ಬೆಂಬಲ ಕೊನೆಗೊಂಡಿರುವ ಹಿನ್ನೆಲೆಯಲ್ಲಿ ಈ ಉದಾಸೀನ ಇನ್ನು ಸಲ್ಲದು. ಆದ್ದರಿಂದ ತಾಂತ್ರಿಕ, ಕಾನೂನು ಹಾಗೂ ತೆರಿಗೆ ದೃಷ್ಟಿಯಿಂದ ಸದಸ್ಯರು ಅರಿತಿರಬೇಕಾದ ಸಂಗತಿಗಳನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಬೆಂಬಲ ಕೊನೆಗೊಂಡಿತು ಎಂದರೇನು?

ಮೈಕ್ರೋಸಾಫ್ಟ್ ಸಂಸ್ಥೆಯು 2015ರ ಜುಲೈನಲ್ಲಿ ಬಿಡುಗಡೆ ಮಾಡಿದ ವಿಂಡೋಸ್ 10ಕ್ಕೆ ನೀಡುತ್ತಿದ್ದ ಉಚಿತ ಸುರಕ್ಷತಾ ಪರಿಷ್ಕರಣೆಗಳನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಅದೇ ದಿನ ಆಫೀಸ್ 2016 ಹಾಗೂ ಆಫೀಸ್ 2019ರ ಬೆಂಬಲವೂ ಮುಗಿಯಿತು. ಇದಕ್ಕೂ ಮೊದಲು ವಿಂಡೋಸ್ ಎಕ್ಸ್‌ಪಿ 2014ರ ಏಪ್ರಿಲ್‌ನಲ್ಲಿ ಮತ್ತು ವಿಂಡೋಸ್ 7 2020ರ ಜನವರಿಯಲ್ಲಿ ಇದೇ ಹಂತವನ್ನು ತಲುಪಿದ್ದವು.

ಬೆಂಬಲ ಮುಗಿದ ಮಾತ್ರಕ್ಕೆ ಯಂತ್ರ ನಿಂತುಹೋಗುವುದಿಲ್ಲ. ಬಿಲ್ಲು ಮುದ್ರಣವಾಗುತ್ತದೆ, ಲೆಕ್ಕಪತ್ರ ತೆರೆಯುತ್ತದೆ. ಆದರೆ ಆ ದಿನದ ನಂತರ ಪತ್ತೆಯಾಗುವ ದೋಷಗಳಿಗೆ ಉಚಿತ ಪರಿಹಾರ ಬರುವುದಿಲ್ಲ. ಬೀಗ ಕೆಟ್ಟ ಗೋದಾಮಿನಲ್ಲೂ ಸರಕು ಇಡಬಹುದು. ಕಳ್ಳನಿಗೆ ಅದು ತಿಳಿಯುವವರೆಗೆ ಏನೂ ಆಗುವುದಿಲ್ಲ, ಅಷ್ಟೆ.

ಪರಿಷ್ಕರಣೆಯನ್ನು ಕಡೆಗಣಿಸಿದರೆ ಆಗುವ ಹಾನಿ

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ಗಂಭೀರ ದೋಷಕ್ಕೆ ಪರಿಹಾರ ಬಿಡುಗಡೆ ಮಾಡಿತು. ಅದೇ ದೋಷವನ್ನು ಬಳಸಿಕೊಂಡು ಮೇ 12ರಂದು 'ವಾನ್ನಾಕ್ರೈ' ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಕಡತಗಳನ್ನು ತೆರೆಯಲಾಗದಂತೆ ಬಂಧಿಸಿ ಹಣ ಕೇಳುವುದು ಅದರ ಕಾರ್ಯವಿಧಾನ. ಕೇರಳದ ಕೆಲವು ಗ್ರಾಮ ಪಂಚಾಯಿತಿ ಕಚೇರಿಗಳ ಗಣಕಗಳೂ ಇದಕ್ಕೆ ತುತ್ತಾದವು. ನಡುವಿನ ಎರಡು ತಿಂಗಳಲ್ಲಿ ಪರಿಷ್ಕರಣೆ ಅಳವಡಿಸಿಕೊಂಡವರಿಗೆ ಈ ದೋಷದ ಮೂಲಕ ಬರುವ ಅಪಾಯವಿರಲಿಲ್ಲ.

ಲೆಕ್ಕಪರಿಶೋಧಕರು ಮರೆಯಬಾರದ ಇನ್ನೊಂದು ಪ್ರಕರಣ 2017ರ ಜೂನ್ 27ರದು. ಉಕ್ರೇನಿನಲ್ಲಿ ತೆರಿಗೆ ವಿವರ ಸಲ್ಲಿಸಲು ವ್ಯಾಪಕವಾಗಿ ಬಳಕೆಯಲ್ಲಿದ್ದ ಒಂದು ಲೆಕ್ಕಪತ್ರ ತಂತ್ರಾಂಶದ ಪರಿಷ್ಕರಣಾ ವ್ಯವಸ್ಥೆಯೊಳಗೇ ದುಷ್ಕರ್ಮಿಗಳು ನುಸುಳಿ 'ನಾಟ್‌ಪೆಟ್ಯಾ' ಎಂಬ ವಿನಾಶಕ ತಂತ್ರಾಂಶವನ್ನು ಹರಡಿದರು. ಹಡಗು ಸಾಗಣೆಯ ಮರ್ಸ್ಕ್ ಸಂಸ್ಥೆ ಇದರಿಂದ 20ರಿಂದ 30 ಕೋಟಿ ಡಾಲರ್ ನಷ್ಟವನ್ನು ಅಂದಾಜಿಸಿತು. ಮುಂಬಯಿ ಸಮೀಪದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದರ ಸಮೂಹ ನಿರ್ವಹಿಸುತ್ತಿದ್ದ ಟರ್ಮಿನಲ್‌ನ ಕೆಲಸವೂ ಅಸ್ತವ್ಯಸ್ತವಾಯಿತು.

ಪರಿಷ್ಕರಣೆಯೇ ತೊಂದರೆ ತಂದಾಗ

"ಅಪ್‌ಡೇಟ್ ಮಾಡಿದರೆ ನಡೆಯುತ್ತಿರುವುದೂ ನಿಲ್ಲುತ್ತದೆ" ಎಂಬ ವರ್ತಕರ ಭಯ ನಿರಾಧಾರವಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಸಂಸ್ಥೆಯ ದೋಷಪೂರಿತ ಪರಿಷ್ಕರಣೆಯಿಂದ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಏಕಕಾಲದಲ್ಲಿ ಸ್ಥಗಿತಗೊಂಡವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಕೈಬರಹದ ಬೋರ್ಡಿಂಗ್ ಪಾಸ್ ವಿತರಿಸಬೇಕಾಯಿತು.

ಈ ಪ್ರಕರಣಗಳಿಂದ ಎರಡು ಪಾಠಗಳಿವೆ. ಪರಿಷ್ಕರಣೆಯನ್ನು ಬಿಡಬಾರದು, ಆದರೆ ಪ್ರತಿ (ಬ್ಯಾಕಪ್) ಇಲ್ಲದೆ ಅದನ್ನು ಕೈಗೊಳ್ಳಲೂ ಬಾರದು. ಇಲ್ಲಿ ದಿನಾಂಕವೂ ಮುಖ್ಯ. ಮೈಕ್ರೋಸಾಫ್ಟ್‌ನ ಮಾಸಿಕ ಪರಿಷ್ಕರಣೆ ಪ್ರತಿ ತಿಂಗಳ ಎರಡನೆಯ ಮಂಗಳವಾರ ಬಿಡುಗಡೆಯಾಗುತ್ತದೆ. ಅಂದರೆ ನಮ್ಮಲ್ಲಿ ಅದು ಸಾಮಾನ್ಯವಾಗಿ 9ರಿಂದ 15ನೆಯ ತಾರೀಖಿನೊಳಗಿನ ಬುಧವಾರ ಕಾಣಿಸಿಕೊಳ್ಳುತ್ತದೆ. ಮಾಸಿಕ ಜಿಎಸ್‌ಟಿಆರ್-1 ಸಲ್ಲಿಕೆಯ ಕೊನೆಯ ದಿನವಾದ 11ನೆಯ ತಾರೀಖು ಇದರ ನಡುವೆಯೇ ಬರುತ್ತದೆ. ಆದ್ದರಿಂದ ಆ ದಿನಗಳಲ್ಲಿ ಪರಿಷ್ಕರಣೆಯನ್ನು ತಾತ್ಕಾಲಿಕವಾಗಿ ತಡೆಹಿಡಿದು, ಅನಂತರದ ಭಾನುವಾರ ಪೂರ್ಣಗೊಳಿಸುವುದು ಸೂಕ್ತ. ವಾರಗಟ್ಟಲೆ ಮುಂದೂಡುವುದು ಮಾತ್ರ ತರವಲ್ಲ.

ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಅರ್ಹವೇ?

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ ಸಾಮರ್ಥ್ಯ, ಸೆಕ್ಯೂರ್ ಬೂಟ್ ಸೌಲಭ್ಯ ಹಾಗೂ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. ಮೆಮೊರಿ ಅಥವಾ ಡಿಸ್ಕ್ ಸಾಲದಿದ್ದರೆ ಹೆಚ್ಚಿಸಬಹುದು. ನಿಜವಾದ ಅಡ್ಡಿ ಪ್ರೊಸೆಸರ್‌ನದು. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಮತ್ತು ನಂತರದವು ಮಾತ್ರ ಅಂಗೀಕೃತ. ಸ್ಥೂಲವಾಗಿ ಹೇಳುವುದಾದರೆ, 2017ಕ್ಕಿಂತ ಹಿಂದೆ ಕೊಂಡ ಯಂತ್ರ ಅರ್ಹವಾಗುವ ಸಂಭವ ಕಡಿಮೆ. ಮೈಕ್ರೋಸಾಫ್ಟ್‌ನ 'ಪಿಸಿ ಹೆಲ್ತ್ ಚೆಕ್' ಎಂಬ ಉಚಿತ ಸಾಧನದಿಂದ ಇದನ್ನು ಖಚಿತಪಡಿಸಿಕೊಳ್ಳಬಹುದು. ಕೆಲವು ಯಂತ್ರಗಳಲ್ಲಿ ಟಿಪಿಎಂ ಇದ್ದರೂ ಅದನ್ನು ಬಯಾಸ್‌ನಲ್ಲಿ ಚಾಲನೆಗೊಳಿಸಿರುವುದಿಲ್ಲ. ಹೊಸ ಯಂತ್ರ ಕೊಳ್ಳಬೇಕೆಂಬ ಸಲಹೆ ಒಪ್ಪುವ ಮುನ್ನ ಈ ಅಂಶವನ್ನು ತಂತ್ರಜ್ಞರಿಂದ ಪರಿಶೀಲಿಸಿಕೊಳ್ಳಿರಿ.

ಲಭ್ಯವಿರುವ ಮಾರ್ಗಗಳು

1. ಯಂತ್ರ ಅರ್ಹವಾಗಿದ್ದರೆ ವಿಂಡೋಸ್ 11ಕ್ಕೆ ಬದಲಾಯಿಸಿಕೊಳ್ಳುವುದು. ಅಧಿಕೃತ ವಿಂಡೋಸ್ 10 ಉಳ್ಳವರಿಗೆ ಇದಕ್ಕೆ ಪ್ರತ್ಯೇಕ ಶುಲ್ಕವಿಲ್ಲ.

2. ವಿಸ್ತರಿತ ಸುರಕ್ಷತಾ ಪರಿಷ್ಕರಣೆಯನ್ನು ಕೊಳ್ಳುವುದು. ಸಂಸ್ಥೆಗಳಿಗೆ ಮೊದಲ ವರ್ಷಕ್ಕೆ ಪ್ರತಿ ಯಂತ್ರಕ್ಕೆ 61 ಡಾಲರ್ ನಿಗದಿಯಾಗಿದ್ದು, ಪ್ರತಿ ವರ್ಷ ದುಪ್ಪಟ್ಟಾಗುತ್ತದೆ. ಎರಡನೆಯ ವರ್ಷ ಸೇರುವವರು ಮೊದಲ ವರ್ಷದ ಶುಲ್ಕವನ್ನೂ ತೆರಬೇಕು. ಗರಿಷ್ಠ ಮೂರು ವರ್ಷಕ್ಕೆ 61, 122, 244 ಸೇರಿ ಒಟ್ಟು 427 ಡಾಲರ್. ಒಂದು ಸಾಧಾರಣ ಹೊಸ ಗಣಕದ ಬೆಲೆಗೆ ಇದು ಸಮೀಪವಾಗುವುದರಿಂದ ಕಾಲಾವಕಾಶ ಪಡೆಯಲಷ್ಟೇ ಈ ಮಾರ್ಗ ಉಪಯುಕ್ತ.

3. ಬ್ರೌಸಿಂಗ್, ಪತ್ರವ್ಯವಹಾರಕ್ಕೆ ಮಾತ್ರ ಬಳಸುವ ಹಳೆಯ ಯಂತ್ರದಲ್ಲಿ ಉಬುಂಟುವಿನಂತಹ ಉಚಿತ ಲಿನಕ್ಸ್ ಅಳವಡಿಸುವುದು. ವಿಂಡೋಸ್‌ಗಾಗಿ ರಚಿತವಾದ ಲೆಕ್ಕಪತ್ರ ತಂತ್ರಾಂಶಗಳು ಇದರಲ್ಲಿ ನೇರವಾಗಿ ನಡೆಯವೆಂಬುದನ್ನು ನೆನಪಿಡಬೇಕು.

4. ಹೊಸ ಯಂತ್ರವನ್ನು ಖರೀದಿಸುವುದು.

ಕಡಿಮೆ ಬೆಲೆಗೆ ದೊರೆಯುವ ನಕಲಿ ಪ್ರತಿ ಐದನೆಯ ಮಾರ್ಗವಲ್ಲ. ಗೊತ್ತಿದ್ದೂ ಅದನ್ನು ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಶಿಕ್ಷಾರ್ಹ. ಜೊತೆಗೆ ಅದರಲ್ಲಿ ಅಡಗಿ ಬರುವ ಅಪಾಯಗಳಿಗೆ ಹೊಣೆಗಾರರೇ ಇರುವುದಿಲ್ಲ.

ಲೆಕ್ಕಪತ್ರ ತಂತ್ರಾಂಶ ಮತ್ತು ಕಾನೂನು

ಆಪರೇಟಿಂಗ್ ಸಿಸ್ಟಂನಷ್ಟೇ ಲೆಕ್ಕಪತ್ರ ತಂತ್ರಾಂಶದ ಆವೃತ್ತಿಯೂ ಮುಖ್ಯ. ಕಂಪನಿಗಳ (ಲೆಕ್ಕಪತ್ರ) ನಿಯಮಗಳ ಪ್ರಕಾರ 2023ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ, ಖಾಸಗಿ ನಿಯಮಿತ ಕಂಪನಿಗಳು ಸೇರಿದಂತೆ, ಪ್ರತಿ ನಮೂದಿನ ತಿದ್ದುಪಡಿಯನ್ನು ದಿನಾಂಕ ಸಹಿತ ದಾಖಲಿಸುವ ಹಾಗೂ ಆ ದಾಖಲೆಯನ್ನು ನಿಷ್ಕ್ರಿಯಗೊಳಿಸಲಾಗದ ತಂತ್ರಾಂಶವನ್ನೇ ಬಳಸಬೇಕು. ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಇದರ ಬಗ್ಗೆ ಅಭಿಪ್ರಾಯ ನೀಡಬೇಕಾಗಿದೆ. ಬೆಂಗಳೂರಿನ ಟ್ಯಾಲಿ ಸಂಸ್ಥೆಯು ಇದಕ್ಕಾಗಿಯೇ 'ಎಡಿಟ್ ಲಾಗ್' ಸೌಲಭ್ಯವನ್ನು ಒದಗಿಸಿದೆ. ಹಳೆಯ ಆವೃತ್ತಿಯಲ್ಲಿಯೇ ಮುಂದುವರಿದ ಕಂಪನಿಯ ಪರಿಶೋಧನಾ ವರದಿಯಲ್ಲಿ ಪ್ರತಿಕೂಲ ಷರಾ ಬರುವುದು ಅನಿವಾರ್ಯ. ಏಕಮಾಲೀಕತ್ವ ಮತ್ತು ಪಾಲುದಾರಿಕೆ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ವಿದ್ಯುನ್ಮಾನ ರೂಪದಲ್ಲಿ ಲೆಕ್ಕವಿಡುವ ಕಂಪನಿಗಳು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಪ್ರತಿಯನ್ನು ಕಾಯ್ದಿಡಬೇಕೆಂದು 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದುಪಡಿಯಾಗಿದೆ. ಜಿಎಸ್‌ಟಿ ನೋಂದಾಯಿತ ಪ್ರತಿಯೊಬ್ಬರೂ ವಾರ್ಷಿಕ ವಿವರಪಟ್ಟಿಯ ಕೊನೆಯ ದಿನದಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಸಂರಕ್ಷಿಸಬೇಕು. "ಗಣಕ ಕೆಟ್ಟಿತು, ಮಾಹಿತಿ ಹೋಯಿತು" ಎಂಬ ಉತ್ತರ ಅಧಿಕಾರಿಗಳ ಮುಂದೆ ನಿಲ್ಲುವುದು ಕಷ್ಟ.

ತೆರಿಗೆಯ ದೃಷ್ಟಿಯಿಂದ

ಗಣಕಯಂತ್ರ ಮತ್ತು ತಂತ್ರಾಂಶಗಳ ಮೇಲಿನ ಸವಕಳಿ ದರವನ್ನು 2017-18ರ ಹಣಕಾಸು ವರ್ಷದಿಂದ ಶೇಕಡಾ 60ರಿಂದ 40ಕ್ಕೆ ಇಳಿಸಲಾಯಿತು. ಉದಾಹರಣೆಗೆ, ಒಬ್ಬ ವರ್ತಕರು 1,00,000 ರೂ. ಬೆಲೆಯ ಎರಡು ಗಣಕಗಳನ್ನು ಶೇಕಡಾ 18ರ ಜಿಎಸ್‌ಟಿ ಸೇರಿ 1,18,000 ರೂ.ಗಳಿಗೆ ಕೊಂಡರೆಂದು ಭಾವಿಸೋಣ. 18,000 ರೂ.ಗಳನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆದರೆ ಸವಕಳಿಯನ್ನು 1,00,000 ರೂ.ಗಳ ಮೇಲೆ ಮಾತ್ರ ಲೆಕ್ಕ ಹಾಕಬೇಕು. ಎರಡೂ ಲಾಭ ಒಟ್ಟಿಗೆ ದೊರೆಯದು. ಈ ದರದಂತೆ ಮೊದಲ ವರ್ಷದ ಸವಕಳಿ 40,000 ರೂ. ಆದರೆ ಆ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅರ್ಧದಷ್ಟು, ಅಂದರೆ 20,000 ರೂ. ಮಾತ್ರ. ಹೀಗಾಗಿ ಖರೀದಿಯನ್ನು ಮಾರ್ಚ್ ತಿಂಗಳಿಗೆ ಉಳಿಸುವುದಕ್ಕಿಂತ ವರ್ಷದ ಮೊದಲಾರ್ಧದಲ್ಲಿ ಮುಗಿಸುವುದು ಲಾಭಕರ. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೆ ಜಮೆ ಸಿಗದ ಕಾರಣ ಪೂರ್ಣ 1,18,000 ರೂ.ಗಳೇ ವೆಚ್ಚವೆಂದು ಭಾವಿಸಿ ನಿರ್ಧರಿಸಬೇಕು.

ವಾರ್ಷಿಕ ಚಂದಾ ರೂಪದ ತಂತ್ರಾಂಶ ಶುಲ್ಕ ಹಾಗೂ ವಿಸ್ತರಿತ ಬೆಂಬಲದ ಶುಲ್ಕವನ್ನು ಸಾಮಾನ್ಯವಾಗಿ ಆ ವರ್ಷದ ಕಂದಾಯ ವೆಚ್ಚವಾಗಿ ತೋರಿಸಬಹುದು. ಪಾವತಿಯನ್ನು ಬ್ಯಾಂಕಿನ ಮೂಲಕವೇ ಮಾಡಿರಿ. 1961ರ ಕಾಯ್ದೆಯಂತೆ ಒಬ್ಬರಿಗೆ ಒಂದು ದಿನ 10,000 ರೂ. ಮೀರಿ ನಗದು ನೀಡಿ ಕೊಂಡ ಆಸ್ತಿಯ ಆ ಮೊತ್ತ ಸವಕಳಿಗೆ ಪರಿಗಣಿತವಾಗುವುದಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಕಾರಣ, ಖರೀದಿ ಯಾವ ವರ್ಷಕ್ಕೆ ಸೇರುತ್ತದೆಯೋ ಆ ವರ್ಷದ ನಿಯಮವನ್ನು ತಮ್ಮ ಸಲಹೆಗಾರರಲ್ಲಿ ವಿಚಾರಿಸಿಕೊಳ್ಳಬೇಕು.

ಬದಲಾವಣೆಗೆ ಮುನ್ನ

1. ಲೆಕ್ಕಪತ್ರದ ಮೂರು ಪ್ರತಿಗಳಿರಲಿ: ಒಂದು ಯಂತ್ರದಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಅಂಗಡಿಯ ಹೊರಗೆ. ಅದೇ ಗಣಕದ ಇನ್ನೊಂದು ಡ್ರೈವ್‌ನಲ್ಲಿಟ್ಟ ಪ್ರತಿ ಲೆಕ್ಕಕ್ಕಿಲ್ಲ.

2. ಆ ಪ್ರತಿಯನ್ನು ಬೇರೊಂದು ಗಣಕದಲ್ಲಿ ತೆರೆದು, ತಾಳೆಪಟ್ಟಿಯ ಮೊತ್ತ ಹೊಂದುತ್ತದೆಯೇ ನೋಡಿರಿ.

3. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಬಾರ್‌ಕೋಡ್ ಯಂತ್ರ, ಡಿಜಿಟಲ್ ಸಹಿಯ ಟೋಕನ್ ಇವುಗಳ ಡ್ರೈವರ್‌ಗಳು ವಿಂಡೋಸ್ 11ಕ್ಕೆ ಲಭ್ಯವಿವೆಯೇ ಎಂದು ವಿಚಾರಿಸಿರಿ.

4. ಹಲವು ಗಣಕಗಳಿದ್ದರೆ ಮೊದಲು ಒಂದನ್ನು ಬದಲಾಯಿಸಿ, ಒಂದು ವಾರ ಬಳಸಿ ನೋಡಿ, ಅನಂತರ ಉಳಿದವನ್ನು ಬದಲಾಯಿಸಿರಿ.

5. ಪರಿಷ್ಕರಣೆಯನ್ನು ತಯಾರಕರ ಅಧಿಕೃತ ಮೂಲದಿಂದಲೇ ಪಡೆಯಿರಿ. ದೂರವಾಣಿ ಕರೆ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಂಡಿಯನ್ನು ನಂಬಬೇಡಿರಿ.

ಕನ್ನಡದಲ್ಲಿ ವ್ಯವಹರಿಸುವವರು ಇನ್ನೊಂದು ಅಂಶ ಗಮನಿಸಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸಿದ ಪತ್ರ, ಕರಾರು, ದರಪಟ್ಟಿಗಳು ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಹಳೆಯ ಯಂತ್ರ ಕೈಬಿಡುವ ಮೊದಲೇ ಮುಖ್ಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಈ ತೊಂದರೆ ತಪ್ಪುತ್ತದೆ.

ಹಳೆಯ ಯಂತ್ರವನ್ನು ಗುಜರಿಗೆ ಹಾಕುವುದೂ ಸರಿಯಲ್ಲ. ಅಳಿಸಿದಂತೆ ಕಂಡರೂ ಡಿಸ್ಕಿನಲ್ಲಿ ಗ್ರಾಹಕರ ವಿವರ, ಬ್ಯಾಂಕ್ ಮಾಹಿತಿ ಉಳಿದಿರುತ್ತದೆ. ಡಿಸ್ಕನ್ನು ಪೂರ್ಣವಾಗಿ ಅಳಿಸಿ ಅಥವಾ ತೆಗೆದಿಟ್ಟುಕೊಂಡು, 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ನೋಂದಾಯಿತ ಸಂಸ್ಕರಣಾಗಾರರಿಗೆ ಒಪ್ಪಿಸಿ ರಸೀದಿ ಪಡೆಯಬೇಕು.

ಕೊನೆಯದಾಗಿ

ಚೆನ್ನಾಗಿ ನಡೆಯುತ್ತಿರುವ ಯಂತ್ರಗಳನ್ನು ಒಂದು ಭದ್ರತಾ ಘಟಕದ ಅಥವಾ ಪ್ರೊಸೆಸರ್ ಪೀಳಿಗೆಯ ಕಾರಣದಿಂದ ಅನರ್ಹಗೊಳಿಸಿರುವುದು ಸಣ್ಣ ವರ್ತಕರ ಮೇಲೆ ಹೊರಿಸಿದ ಭಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಅಸಮಾಧಾನವನ್ನು ವ್ಯಕ್ತಪಡಿಸುತ್ತಾ ಅಸುರಕ್ಷಿತ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ನಡೆಸುವುದರಿಂದ ನಷ್ಟವಾಗುವುದು ನಮಗೇ. ಎಲ್ಲ ಯಂತ್ರಗಳನ್ನೂ ಒಮ್ಮೆಗೇ ಬದಲಾಯಿಸುವ ಅಗತ್ಯವಿಲ್ಲ. ಹಣ ಮತ್ತು ಲೆಕ್ಕಪತ್ರ ಇರುವ ಯಂತ್ರಕ್ಕೆ ಮೊದಲ ಆದ್ಯತೆ ನೀಡಿ, ಅಂತರ್ಜಾಲ ಸಂಪರ್ಕವಿಲ್ಲದೆ ತೂಕದ ಚೀಟಿ ಮುದ್ರಿಸುವಂತಹ ಯಂತ್ರಗಳನ್ನು ಕೊನೆಗೆ ಇಟ್ಟುಕೊಳ್ಳಬಹುದು. ವರ್ಷಾಂತ್ಯದ ದಾಸ್ತಾನು ಪಟ್ಟಿ ತಯಾರಿಸುವಾಗ ಪ್ರತಿ ಗಣಕದ ಖರೀದಿ ವರ್ಷ, ವಿಂಡೋಸ್ ಆವೃತ್ತಿ ಮತ್ತು ಬೆಂಬಲ ಮುಗಿಯುವ ದಿನಾಂಕವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಬಾರಿ ಈ ವೆಚ್ಚ ಅನಿರೀಕ್ಷಿತವಾಗಿ ಎದುರಾಗುವುದಿಲ್ಲ.