ದಾರಿಬದಿಯ ದೈತ್ಯಮೂರ್ತಿಗಳು

ಹೊಂಗಡಹಳ್ಳದ ಕಡೆಯವನಾದ ನನಗೆ ಬಾಲ್ಯದಲ್ಲಿ ಎತ್ತರವೆಂದರೆ ಬೆಟ್ಟವೊಂದೇ ಆಗಿತ್ತು. ಆದರೆ ನಮ್ಮಲ್ಲಿ ದಾರಿ ಕೇಳಿದವರಿಗೆ ಯಾರೂ ಬೆಟ್ಟವನ್ನು ತೋರಿಸುವುದಿಲ್ಲ. ಮಳೆಗಾಲದ ಮಂಜಿನಲ್ಲಿ ಬೆಟ್ಟವೇ ಮರೆಯಾಗುತ್ತದೆ. ಆದ್ದರಿಂದ ಹಳ್ಳದ ಸೇತುವೆ, ಹಲಸಿನ ಮರ, ರಸ್ತೆಯ ತಿರುವು ಇವೇ ನಮ್ಮ ಗುರುತುಗಳು.

ಸಕಲೇಶಪುರದಲ್ಲಿ ಬೆಂಗಳೂರಿನ ಬಸ್ಸು ಹತ್ತಿ, ಹಾಸನ, ಚನ್ನರಾಯಪಟ್ಟಣಗಳನ್ನು ದಾಟಿ ಬಯಲುಸೀಮೆಯನ್ನು ಸೇರಿದ ಮೇಲೆ ಈ ಲೆಕ್ಕ ಬದಲಾಗುತ್ತದೆ. ಅಲ್ಲಿ ನೋಟಕ್ಕೆ ತಡೆಯಿಲ್ಲ. ಕುಣಿಗಲ್ಲಿನ ಬಳಿಯ ಬಿದನಗೆರೆಯಲ್ಲಿ ಪಂಚಮುಖಿ ಆಂಜನೇಯನ ಮೂರ್ತಿ ಹೆದ್ದಾರಿಯಿಂದಲೇ ಕಣ್ಣಿಗೆ ಬೀಳುತ್ತದೆ. 2022ರ ಶ್ರೀರಾಮನವಮಿಯಂದು ಅನಾವರಣಗೊಂಡ ಈ ಮೂರ್ತಿಯ ಎತ್ತರ 161 ಅಡಿ. ಅಂತಸ್ತಿಗೆ 10 ಅಡಿಯಂತೆ ಹಿಡಿದರೆ 16 ಅಂತಸ್ತಿನ ಕಟ್ಟಡದಷ್ಟಾಯಿತು.

ನನ್ನ ದೊಡ್ಡಮ್ಮನಿಗೆ ಅಕ್ಷರ ಬಾರದು. ಊರುಗಳ ಹೆಸರು ಬರೆದ ಫಲಕಗಳಿಂದ ಆಕೆಗೆ ಪ್ರಯೋಜನವಿಲ್ಲ. ಒಮ್ಮೆ ನನ್ನೊಡನೆ ಬಸ್ಸಿನಲ್ಲಿ ಬರುವಾಗ, "ಹನುಮಪ್ಪ ಕಂಡ ಕಣೋ, ಇನ್ನು ಬೆಂಗಳೂರು ದೂರ ಇಲ್ಲ" ಎಂದಳು. ಅಲ್ಲಿಂದ ರಾಜಧಾನಿಗೆ ಸುಮಾರು 70 ಕಿಲೋಮೀಟರು. ಯಾವ ಮೈಲಿಗಲ್ಲೂ ಆಕೆಗೆ ಹೇಳಲಾರದ ಮಾತನ್ನು ಆ ಮೂರ್ತಿ ಹೇಳಿತ್ತು. ದೈತ್ಯಮೂರ್ತಿಯ ಮೊದಲ ಉಪಕಾರ ಇದು.

ಹೀಗೆ ಗುರುತಾಗುವುದಕ್ಕೆ ದೇವರೇ ಆಗಬೇಕೆಂದೇನೂ ಇಲ್ಲ. ಮೈಸೂರಿನ ಚಾಮುಂಡಿ ಬೆಟ್ಟವನ್ನು ನೆನೆಯಿರಿ. ಬೆಟ್ಟ ದೇವಿಯದು, ಆದರೆ ಯಾತ್ರಿಕರ ಭಾವಚಿತ್ರಗಳಲ್ಲಿ ತಪ್ಪದೆ ನಿಲ್ಲುವವನು ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಹಾವನ್ನು ಹಿಡಿದ ಬಣ್ಣಬಣ್ಣದ ಮಹಿಷಾಸುರ! ದೇವಿಯ ಕೈಯಲ್ಲಿ ಸೋತವನು ಮಕ್ಕಳ ನೆನಪಿನಲ್ಲಿ ಗೆದ್ದಿದ್ದಾನೆ.

ದೊಡ್ಡ ಮೂರ್ತಿಯನ್ನು ನಿಲ್ಲಿಸುವ ಬಗೆ ಎರಡು. ಬಂಡೆಯಿಂದ ಬೇಡದುದನ್ನು ಕೆತ್ತಿ ತೆಗೆಯುವುದು ಹಳೆಯ ಬಗೆ. ಚನ್ನರಾಯಪಟ್ಟಣದಿಂದ ಒಳಕ್ಕೆ ತಿರುಗಿದರೆ ಸಿಗುವ ಶ್ರವಣಬೆಳಗೊಳದ ಗೊಮ್ಮಟ ಇದಕ್ಕೆ ಶ್ರೇಷ್ಠ ನಿದರ್ಶನ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಚಾವುಂಡರಾಯನು ಮಾಡಿಸಿದ ಆ ಮೂರ್ತಿ ಸುಮಾರು 58 ಅಡಿ ಎತ್ತರವಿದೆ. ಬಿದನಗೆರೆಯ ಆಂಜನೇಯನಿಗೆ ಹೋಲಿಸಿದರೆ ಇದು ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಆದರೂ ಬೆಟ್ಟದ ನೆತ್ತಿಯನ್ನೇ ಪೀಠವಾಗಿ ಮಾಡಿಕೊಂಡದ್ದರಿಂದ ಅದು ಬಹು ದೂರಕ್ಕೆ ಕಾಣುತ್ತದೆ.

ಉಕ್ಕಿನ ಸರಳುಗಳಿಂದ ಅಸ್ಥಿಪಂಜರ ಕಟ್ಟಿ, ಅದರ ಮೇಲೆ ಕಾಂಕ್ರೀಟು ತುಂಬಿ, ಗಾರೆಯಿಂದ ಅವಯವಗಳನ್ನು ತಿದ್ದಿ ಬಣ್ಣ ಬಳಿಯುವುದು ಎರಡನೆಯ ಬಗೆ. ಇಂದಿನ ಬೃಹನ್ಮೂರ್ತಿಗಳಲ್ಲಿ ಹೆಚ್ಚಿನವು ಈ ಜಾತಿಯವು. ಕಲ್ಲು ಕೊಡದಷ್ಟು ಎತ್ತರವನ್ನು ಈ ವಿಧಾನ ಕೊಡುತ್ತದೆ. ಆದರೆ ಇದರ ಶತ್ರು ಒಳಗೇ ಇದೆ. ಸಣ್ಣ ಬಿರುಕಿನಲ್ಲಿ ನೀರು ಇಳಿದರೆ ಉಕ್ಕು ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಸ್ಥಳ ಬೇಕು. ಅದು ಉಬ್ಬಿದಂತೆಲ್ಲ ಕಾಂಕ್ರೀಟು ಸೀಳುತ್ತದೆ. ಬಿರುಕು ಹಿಗ್ಗಿ ಮತ್ತಷ್ಟು ನೀರನ್ನು ಕರೆಯುತ್ತದೆ. ಆದುದರಿಂದ ಇಂಥ ಮೂರ್ತಿಗೆ ಬಣ್ಣವೆಂದರೆ ಅಲಂಕಾರ ಮಾತ್ರವಲ್ಲ, ಕೊಡೆಯೂ ಹೌದು.

ನಮ್ಮ ಕಡೆಯ ಜಗಲಿಗಳಲ್ಲಿಯೂ, "ನಮ್ಮೂರ ರಸ್ತೆಗೊಂದು ದೊಡ್ಡ ಮೂರ್ತಿ ಬೇಡವೇ?" ಎಂಬ ಮಾತು ಆಗಾಗ ಏಳುತ್ತದೆ. ಬೇಡವೆನ್ನಲು ನನಗೆ ಮನಸ್ಸಿಲ್ಲ. ಊರಿಗೊಂದು ಮುಖ ಬೇಕೆಂಬ ಆಸೆ ಸಹಜವಾದುದೇ. ಆದರೆ ಕೇಳಬೇಕಾದ ಪ್ರಶ್ನೆ ಒಂದಿದೆ: ವರ್ಷಕ್ಕೆ ನಾಲ್ಕು ತಿಂಗಳು ಮಳೆ ಹೊಡೆಯುವ ಈ ಘಟ್ಟದಂಚಿನಲ್ಲಿ, ಹತ್ತನೆಯ ವರ್ಷ ಸಾರುವೆ ಕಟ್ಟಿ ಮೇಲೇರಿ ಬಿರುಕು ನೋಡುವವರು ಯಾರು? ಅನಾವರಣದ ದಿನ ಸೇರಿದ ಜನ ಆ ದಿನವೂ ಬಂದಾರೆಯೆ?

ಶ್ರವಣಬೆಳಗೊಳದಲ್ಲಿ ಸಾಮಾನ್ಯವಾಗಿ 12 ವರ್ಷಗಳಿಗೊಮ್ಮೆ ಮಹಾಮಸ್ತಕಾಭಿಷೇಕ ನಡೆಯುತ್ತದೆ. 2006ರಲ್ಲಿ ನಡೆಯಿತು, 2018ರಲ್ಲಿ ನಡೆಯಿತು. ಅದರ ಉದ್ದೇಶ ಭಕ್ತಿ. ಆದರೂ ಆ ನೆಪದಲ್ಲಿ ಪ್ರತಿಯೊಂದು ತಲೆಮಾರೂ ಅಟ್ಟಣೆ ಕಟ್ಟಿ ಆ ಮೂರ್ತಿಯ ಮುಖದ ಹತ್ತಿರಕ್ಕೆ ಏರುತ್ತದೆ. ಗಟ್ಟಿ ಕಲ್ಲಿನ ಮೂರ್ತಿಗೇ ಇಷ್ಟು ಆರೈಕೆಯ ಸಂಪ್ರದಾಯವಿರುವಾಗ, ಕಾಂಕ್ರೀಟಿನದಕ್ಕೆ ಎಷ್ಟಿರಬೇಕು!

ಎತ್ತರಕ್ಕೆ ಬೇಕಾದ ಹಣ ಒಮ್ಮೆ ಕೂಡಿಬಂದೀತು. ದೊಡ್ಡಮ್ಮನಂಥವರು ನೆಚ್ಚಿಕೊಳ್ಳುವ ಗುರುತಾಗಿ ಮೂರ್ತಿ ಉಳಿಯಬೇಕಾದರೆ ಊರು ಅದನ್ನು ವರ್ಷವರ್ಷವೂ ತಲೆಯೆತ್ತಿ ನೋಡುತ್ತಿರಬೇಕು.