ಮುಳುಗಿಸಿದ ಹಡಗು ಮೀನಿಗೆ ಮನೆಯಾಗುವುದು ಹೇಗೆ?

ನೌಕಾಪಡೆಯಿಂದ 2024ರಲ್ಲಿ ನಿವೃತ್ತವಾದ ಗುಲ್ದಾರ್ ಹಡಗನ್ನು ಮರುವರ್ಷ ಕಾರವಾರದಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ಅಭಿವೃದ್ಧಿ ನಿಗಮಕ್ಕೆ ಒಪ್ಪಿಸಲಾಯಿತು. ಸಿಂಧುದುರ್ಗದ ಕಡಲಲ್ಲಿ ಮುಳುಗಿಸಿ, ಸ್ಕೂಬಾ ಈಜುಗಾರರು ನೋಡುವಂಥ ಕೃತಕ ಬಂಡೆಸಾಲು ಮಾಡುವ ಯೋಜನೆಯದು. ‘ಹಳೇದಾದ್ರ ಗುಜರಿಗೆ ಹಾಕೂದು ಬಿಟ್ಟು ಮುಳಗಸೂದ್ಯಾಕ್ರಿ ಸರ?’ ಎಂದು ಮಕ್ಕಳು ಕೇಳಿಯಾರು. ಬಾವಿಕಲ್ಲಿನ ಪಾಚಿಯಿಂದಲೇ ಆರಂಭಿಸಿ. ಅಲುಗುವ ಮರಳಿನ ಮೇಲೆ ಪಾಚಿ, ಚಿಪ್ಪುಜೀವಿ, ಹವಳದ ಮರಿಗಳು ನೆಲೆಯೂರಲಾರವು. ಉಕ್ಕಿಗೆ ಅಂಟಿ ಬೆಳೆಯುತ್ತವೆ. ಅವನ್ನು ತಿನ್ನಲು ಸಣ್ಣ ಮೀನು, ಅದರ ಬೆನ್ನಿಗೆ ದೊಡ್ಡ ಮೀನು. ಆದರೆ ಎಣ್ಣೆ, ವಿಷದ ಬಣ್ಣ ತೆಗೆಯದೆ ಮುಳುಗಿಸಿದರೆ ಅದು ಬರೀ ಕಸ. ಈ ಮಾತು ಬಿಟ್ಟರೆ ಪಾಠ ಜಾಹೀರಾತಾಗುತ್ತದೆ.

ಇನ್ನು ಸ್ಕೂಬಾ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಸೂಜಿ ತೆಗೆದ ಸಿರಿಂಜಿನೊಳಗೆ ಪುಟ್ಟ ಬಲೂನಿಟ್ಟು, ತುದಿ ಮುಚ್ಚಿ ಹಿಡಿ ಎಳೆಯಿರಿ; ಬಲೂನು ಉಬ್ಬುವುದನ್ನು ಬೆಂಚಿನಿಂದ ಬೆಂಚಿಗೆ ಒಯ್ದು ತೋರಿಸಿ.