ಒಬ್ಬ ಕ್ವಾರ್ಟರ್‌ಬ್ಯಾಕ್‌ಗೆ ಅಷ್ಟೊಂದು ದುಡ್ಡು ಯಾಕೆ?

ಸೋಮವಾರದ ಕಾಲ್‌ನಲ್ಲಿ ಅಮೆರಿಕದವರು ಅವರ ಫುಟ್‌ಬಾಲ್ ಬಗ್ಗೆ ಜಗಳ ಆಡ್ತಿದ್ರೆ ನಾವು ಮ್ಯೂಟ್‌ನಲ್ಲಿ ಕೂತಿರ್ತೀವಿ ಅಲ್ವಾ? ಆ ಜಗಳ ಏನು ಅಂತ ಇವತ್ತು ನೋಡೋಣ.

ಚೆಂಡನ್ನು ಎಸೆಯಬೇಕಾ, ಪಕ್ಕದವನ ಕೈಗೆ ಕೊಡಬೇಕಾ ಅಂತ ಎರಡು ಮೂರು ಸೆಕೆಂಡಲ್ಲಿ ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್. ಸ್ಯಾನ್ ಫ್ರಾನ್ಸಿಸ್ಕೋ ತಂಡದ ಬ್ರಾಕ್ ಪರ್ಡಿ 2022ರ ಡ್ರಾಫ್ಟ್‌ನಲ್ಲಿ 262ನೆಯ, ಅಂದ್ರೆ ಕಟ್ಟಕಡೆಯ ಆಯ್ಕೆ. ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗಿಂತ ಕಡಿಮೆ ಸಂಬಳದಲ್ಲೇ ತಂಡವನ್ನು ಸೂಪರ್ ಬೌಲ್‌ಗೆ ಕರ್ಕೊಂಡು ಹೋದ. ಮೂರು ಸೀಸನ್ ಮುಗಿಯೋವರೆಗೆ ಸಂಬಳ ಏರಿಸೋಕೆ ನಿಯಮ ಬಿಡಲ್ಲ. (ನಮ್ಮ ಬಾಂಡ್‌ಗಳೇ ವಾಸಿ!) 2025ರ ಮೇನಲ್ಲಿ ಸಿಕ್ತು: ಐದು ವರ್ಷಕ್ಕೆ 26.5 ಕೋಟಿ ಡಾಲರ್.

ಆದ್ರೆ ಐಪಿಎಲ್ ಪರ್ಸ್ ಥರ ಅಲ್ಲೂ ಎಲ್ಲ ತಂಡಕ್ಕೂ ಒಂದೇ ಮಿತಿ, 2025ಕ್ಕೆ 27.92 ಕೋಟಿ ಡಾಲರ್. ಪರ್ಡಿಯ ವರ್ಷದ ಸರಾಸರಿ ಅದರ ಶೇ. 19. ರಿಷಭ್ ಪಂತ್‌ಗೆ ಲಕ್ನೋ ಕೊಟ್ಟ 27 ಕೋಟಿ, 120 ಕೋಟಿಯಲ್ಲಿ ಶೇ. 22.5. ಆದ್ರೆ ಅಲ್ಲಿ ಹೆಚ್ಚೆಂದರೆ 25 ಜನ, ಇಲ್ಲಿ 53! ಬೋನಸ್ಸನ್ನು ಇಎಂಐ ಥರ ಐದು ವರ್ಷಕ್ಕೆ ಹಂಚಬಹುದು, ಹಾಗಂತ ಸಾಲ ಮಾಯ ಆಗಲ್ಲ. ಆ ಮಾರ್ಚ್‌ನಲ್ಲೇ ಡೀಬೋ ಸ್ಯಾಮ್ಯುಯೆಲ್ ವಾಷಿಂಗ್ಟನ್‌ಗೆ, ಗ್ರೀನ್‌ಲಾ ಮತ್ತು ಹುಫಾಂಗಾ ಡೆನ್ವರ್‌ಗೆ ಹೋಗಿದ್ರು.

"ಗೆಲ್ಲಿಸಿದ್ದು ಕೋಚ್ ಶಾನಹಾನ್ ಪ್ಲಾನು, ಇವನಲ್ಲ" ಅನ್ನೋ ಗುಂಪೊಂದಿದೆ. ನನ್ನ ಕೇಳಿದ್ರೆ ದುಡ್ಡು ಕೊಟ್ಟಿದ್ದು ಸರಿನೇ. 2023ರ ಜನವರಿಯಲ್ಲಿ ಫಿಲಡೆಲ್ಫಿಯಾ ವಿರುದ್ಧ ಮೊಣಕೈ ಪೆಟ್ಟಾಗಿ ಪರ್ಡಿ ಚೆಂಡು ಎಸೆಯೋಕಾಗದೇ ಹೋದಾಗ ಅದೇ ಕೋಚ್, ಅದೇ ಪ್ಲಾನು ಇತ್ತು. 31-7ರಲ್ಲಿ ಸೋತ್ರು.